ಬಾಲವ್ಯುತ್ಪತ್ತಿ ವಿಮರ್ಶೆ

ಕಾವ್ಯಪ್ರಕಾಶದ ಐದನೆಯ ಉಲ್ಲಾಸವನ್ನು ಪಾಠ ಹೇಳಿದವರೆಲ್ಲರಿಗೂ ಒಂದು ಮಗುವಿನ ಪರಿಚಯವಿದೆ. ಉತ್ತಮವೃದ್ಧನು ಮಧ್ಯಮವೃದ್ಧನನ್ನು ಕುರಿತು 'ಹಸುವನ್ನು ತಾ' ಎನ್ನುವನು. ಅವನು ಹೋಗಿ ಗಂಗೆದೊಗಲುಳ್ಳ ಒಂದು ಪ್ರಾಣಿಯನ್ನು ತರುವನು. ಪಕ್ಕದಲ್ಲಿ ನಿಂತ ಬಾಲಕನು ಇದನ್ನೆಲ್ಲ ನೋಡಿ ಪದಗಳ ಅರ್ಥವನ್ನು ತಿಳಿಯುವನು. ಮೀಮಾಂಸಕರು ಸೃಷ್ಟಿಸಿದ ಈ ಬಾಲಕನನ್ನು ನೈಯಾಯಿಕರೂ ವೇದಾಂತಿಗಳೂ ಆಲಂಕಾರಿಕರೂ ತಮ್ಮ ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಕರೆದಿದ್ದಾರೆ. ವಿಚಿತ್ರವೇನೆಂದರೆ, ವಾದಿಪ್ರತಿವಾದಿಗಳಲ್ಲಿ ಒಬ್ಬರೂ ಸಾಕ್ಷಿಯನ್ನು ವಿಚಾರಿಸಲಿಲ್ಲ. ಅವನ ಪರವಾಗಿ ತಾವೇ ಮಾತನಾಡಿದರು. ಕಳೆದ ಐವತ್ತು ವರ್ಷಗಳಲ್ಲಿ ಪಾಶ್ಚಾತ್ಯ ಮನಶ್ಶಾಸ್ತ್ರಜ್ಞರು ಆ ವಿಚಾರಣೆಯನ್ನು ನಡೆಸಿದ್ದಾರೆ. ಅದರಿಂದ ನಮ್ಮ ಪಾಠಗಳಲ್ಲಿ ಯಾವುದು ಉಳಿಯುವುದು, ಯಾವುದು ಬೀಳುವುದು ಎಂಬುದನ್ನು ನೋಡುವುದು ಪ್ರಕೃತ ಲೇಖನದ ಉದ್ದೇಶ. 'ನಮ್ಮವರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ' ಎಂಬ ಅಧ್ಯಾಪಕರೂ, 'ಅದೆಲ್ಲ ಕುಳಿತು ಕಟ್ಟಿದ ಕಲ್ಪನೆ' ಎಂಬ ಅಧ್ಯಾಪಕರೂ ನಮ್ಮಲ್ಲಿ ಹೇರಳವಾಗಿರುವುದರಿಂದ ಈ ವಿಚಾರವು ನಿಷ್ಪ್ರಯೋಜಕವಾಗಲಾರದೆಂದು ನಂಬಿದ್ದೇನೆ.

ಪ್ರಶ್ನೆಯನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ಹಲವು ವ್ಯಕ್ತಿಗಳಲ್ಲಿ 'ಇದೂ ಅದೇ, ಇದೂ ಅದೇ' ಎಂದು ಹರಿದುಬರುವ ಅರಿವನ್ನು ನಮ್ಮ ಶಾಸ್ತ್ರದಲ್ಲಿ ಅನುಗತಬುದ್ಧಿಯೆಂದು ಕರೆಯುತ್ತಾರೆ. ಕೆಂಪು ಹಸು, ಕಪ್ಪು ಹಸು, ಕೊಂಬು ಮುರಿದ ಹಸು ಇವೆಲ್ಲದರಲ್ಲಿಯೂ 'ಹಸು' ಎಂಬ ಒಂದೇ ಬುದ್ಧಿಯುಂಟಾಗುವುದು. ಈ ಅನುಗತಬುದ್ಧಿಯು ಶಿಶುವಿಗೆ ಪದಕ್ಕಿಂತ ಮೊದಲೇ ಇದ್ದು, ಪದವು ಅದರ ಮೇಲೆ ಹೆಸರಾಗಿ ಕೂಡುವುದೋ? ಅಥವಾ ಪದದಿಂದಲೇ ಅದು ಹುಟ್ಟುವುದೋ?

ಎರಡನೆಯ ಪಕ್ಷಕ್ಕೆ ಭರ್ತೃಹರಿಯು ಆಚಾರ್ಯನು. ಶಬ್ದದ ಸಂಪರ್ಕವಿಲ್ಲದ ಜ್ಞಾನವೇ ಲೋಕದಲ್ಲಿಲ್ಲವೆಂದು ವಾಕ್ಯಪದೀಯದಲ್ಲಿ ಆತನ ಸಿದ್ಧಾಂತ. ಹಾಗಾದರೆ ಮಾತೇ ಬಾರದ ಶಿಶುವಿನ ಗತಿಯೇನೆಂದು ಕೇಳಿದರೆ, ಜನ್ಮಾಂತರದ ಶಬ್ದಭಾವನೆಯು ಅದರಲ್ಲಿ ಬೀಜರೂಪದಿಂದಿದೆಯೆಂದು ಉತ್ತರ. ಕುಮಾರಿಲನು ಇದನ್ನು ಒಪ್ಪಲಿಲ್ಲ. ಮೊದಲು ವಸ್ತುಮಾತ್ರದಿಂದ ಹುಟ್ಟುವ ನಿರ್ವಿಕಲ್ಪಕ ಜ್ಞಾನವೊಂದುಂಟು, ಅದು ಬಾಲಕನ, ಮೂಕನ ಜ್ಞಾನದಂಥದು ಎಂದು ಶ್ಲೋಕವಾರ್ತಿಕದಲ್ಲಿ ಆತನು ಹೇಳುವನು. ಹೀಗೆ ಐದನೆಯ ಶತಮಾನದ ವೈಯಾಕರಣನೂ ಏಳನೆಯ ಶತಮಾನದ ಮೀಮಾಂಸಕನೂ ಒಂದೇ ತೊಟ್ಟಿಲ ಶಿಶುವನ್ನು ಎರಡು ಕಡೆಯಿಂದ ಎಳೆದಾಡಿದ್ದಾರೆ.

ಮಾತಾಡಲಾರದ ಶಿಶುವನ್ನು ವಿಚಾರಿಸುವ ಉಪಾಯ ಸರಳವಾದುದು. ಒಂದೇ ಬಗೆಯದನ್ನು ಮತ್ತೆ ಮತ್ತೆ ತೋರಿಸಿದರೆ ಶಿಶುವು ಬೇಸತ್ತು ಕಣ್ಣು ತಿರುಗಿಸುವುದು. ಹೊಸ ಬಗೆಯದೆಂದು ತೋರಿದರೆ ಹೆಚ್ಚು ಹೊತ್ತು ನೋಡುವುದು. ನೋಟದ ಕಾಲವನ್ನು ಅಳೆದರೆ ಅದಕ್ಕೆ ಯಾವುದು ಒಂದೇ, ಯಾವುದು ಬೇರೆ ಎಂಬುದು ತಿಳಿಯುವುದು. ಕೊರಿಯಾ ದೇಶದ ಭಾಷೆಯಲ್ಲಿ ಒಂದು ವಸ್ತುವು ಇನ್ನೊಂದರಲ್ಲಿ ಬಿಗಿಯಾಗಿ ಕೂಡುವುದಕ್ಕೆ ಒಂದು ಕ್ರಿಯಾಪದವೂ ಸಡಿಲವಾಗಿ ಇರುವುದಕ್ಕೆ ಬೇರೊಂದೂ ಉಂಟು. ಇಂಗ್ಲಿಷಿನಲ್ಲಿ ಈ ಭೇದವನ್ನು ಕ್ರಿಯಾಪದದಿಂದ ಗುರುತಿಸುವ ರೂಢಿಯಿಲ್ಲ. ಸೂಸನ್ ಹೆಸ್ಪೋಸ್ ಮತ್ತು ಎಲಿಜಬೆತ್ ಸ್ಪೆಲ್ಕಿ ಎಂಬ ವಿದುಷಿಯರು 2004ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಇಂಗ್ಲಿಷ್ ಮನೆಗಳ ಐದು ತಿಂಗಳ ಶಿಶುಗಳು ಬಿಗಿ ಮತ್ತು ಸಡಿಲಗಳ ಭೇದವನ್ನು ಗುರುತಿಸಿದುವು. ತಮ್ಮ ಭಾಷೆಯು ಎತ್ತಿ ಹೇಳದ, ತಮ್ಮ ತಾಯಂದಿರು ಲಕ್ಷಿಸದ ಸಾಮಾನ್ಯವೊಂದು ಅವುಗಳಿಗೆ ಗೋಚರವಾಯಿತು. ಇಲ್ಲಿ ಕುಮಾರಿಲನಿಗೆ ಜಯ. ಅದೂ ಆತನು ಕೇಳಿದುದಕ್ಕಿಂತ ಹೆಚ್ಚಿನ ಜಯ. ಏಕೆಂದರೆ ಆತನು ಶಿಶುವಿಗೆ ಕೊಟ್ಟದ್ದು ಸಾಮಾನ್ಯವಿಶೇಷಗಳ ವಿವೇಚನೆಯಿಲ್ಲದ ಬರಿಯ ವಸ್ತುದರ್ಶನವನ್ನು ಮಾತ್ರ. ಪರೀಕ್ಷೆಯಲ್ಲಿ ಕಂಡುಬಂದುದು ಅನುಗತಬುದ್ಧಿಯೇ.

ಇಷ್ಟಕ್ಕೆ ಭರ್ತೃಹರಿಯನ್ನು ಸೋತವನೆಂದು ಎಣಿಸಬಾರದು. ಅಲಿಸಾ ಫೆರಿ, ಹೆಸ್ಪೋಸ್, ಸ್ಯಾಂಡ್ರಾ ವ್ಯಾಕ್ಸ್‌ಮನ್ ಇವರು 2010ರಲ್ಲಿ ಮೂರು ನಾಲ್ಕು ತಿಂಗಳ ಶಿಶುಗಳಿಗೆ ಒಂದು ಜಾತಿಯ ಪ್ರಾಣಿಚಿತ್ರಗಳನ್ನು ತೋರಿಸಿದರು. ಚಿತ್ರದೊಡನೆ ಮನುಷ್ಯರ ಮಾತು ಕೇಳಿಬಂದಾಗ ಶಿಶುಗಳು ಆ ಜಾತಿಯನ್ನು ಹಿಡಿದುವು. ಮಾತಿನ ಬದಲು ಯಂತ್ರದ ನಾದವನ್ನು ಕೇಳಿಸಿದಾಗ ಹಿಡಿಯಲಿಲ್ಲ. ಒಂದು ಪದದ ಅರ್ಥವನ್ನೂ ಅರಿಯದ ವಯಸ್ಸಿನಲ್ಲಿ ಮಾತಿನ ಧ್ವನಿಯೇ ಜಾತಿಗ್ರಹಣಕ್ಕೆ ನೆರವಾಯಿತೆಂದರೆ ಶಬ್ದಭಾವನಾವಾದಿಗೆ ಇದಕ್ಕಿಂತ ಸಂತೋಷವೇನಿದೆ? ಆದರೆ ಈ ಸಂತೋಷಕ್ಕೆ ಮೂರೇ ವರ್ಷಗಳ ಆಯುಸ್ಸು. ಅವರೇ 2013ರಲ್ಲಿ ಮಡಗಾಸ್ಕರದ ಲೀಮರ್ ಎಂಬ ಕಪಿಸದೃಶ ಪ್ರಾಣಿಯ ಕೂಗನ್ನು ಕೇಳಿಸಿ ನೋಡಿದರು. ಮೂರು ನಾಲ್ಕು ತಿಂಗಳ ಶಿಶುಗಳಿಗೆ ಆ ಕೂಗೂ ಮಾತಿನಷ್ಟೇ ನೆರವಾಯಿತು. ಆರು ತಿಂಗಳಾಗುವಷ್ಟರಲ್ಲಿ ಕೂಗಿನ ಪ್ರಭಾವ ಅಡಗಿ ಮಾತಿನದು ಮಾತ್ರ ಉಳಿಯಿತು. ಜನ್ಮಾಂತರದ ಶಬ್ದಸಂಸ್ಕಾರವೇ ಕಾರಣವಾಗಿದ್ದರೆ ಲೀಮರಿನ ಕೂಗಿಗೆ ಅಲ್ಲೇನು ಕೆಲಸ? ಆರಂಭದಲ್ಲಿ ಬಾಗಿಲು ಅಗಲವಾಗಿ ತೆರೆದಿರುವುದು. ಮನೆಯವರ ಮಾತನ್ನು ಕೇಳುತ್ತ ಕೇಳುತ್ತ ಅದು ಕಿರಿದಾಗುವುದು ಎಂದಿಷ್ಟನ್ನೇ ಇಲ್ಲಿಂದ ಹೇಳಬಹುದು.

ಪಾಶ್ಚಾತ್ಯರ ಪರೀಕ್ಷೆಗಳು ಬಹುಮಟ್ಟಿಗೆ ಕಣ್ಣಿಗೆ ಕಾಣುವ ಜಾತಿಗಳನ್ನೇ ಹಿಡಿದಿವೆ. ನಮ್ಮ ಮನೆಗಳ ಮಾತನ್ನು ಎದುರಿಗಿಟ್ಟುಕೊಂಡರೆ ಭರ್ತೃಹರಿಯ ಪಕ್ಷಕ್ಕೆ ಹೆಚ್ಚಿನ ಬಲ ಬರುವುದೆಂದು ನನ್ನ ಅಭಿಪ್ರಾಯ. 'ಎಂಜಲು' ಎಂಬ ಪದವನ್ನು ತೆಗೆದುಕೊಳ್ಳಿರಿ. ತುಟಿ ತಾಗಿದ ಲೋಟ, ಕಚ್ಚಿದ ಪೇರಲಹಣ್ಣು, ಉಣ್ಣುತ್ತಿರುವ ಕೈ, ಎದ್ದುಹೋದವರ ಎಲೆ ಇವುಗಳಲ್ಲಿ ಕಣ್ಣಿಗೆ ಕಾಣುವ ಸಮಾನಧರ್ಮ ಒಂದೂ ಇಲ್ಲ. ಲೋಟವನ್ನು ತೊಳೆದ ಕೂಡಲೆ ಅದೇ ಲೋಟ ಎಂಜಲಲ್ಲ. ಎಷ್ಟು ಹೊತ್ತು ನೋಡಿದರೂ ಶಿಶುವಿನ ಕಣ್ಣು ಈ ಜಾತಿಯನ್ನು ತಾನಾಗಿ ಕಟ್ಟಲಾರದು. ತಾಯಿ 'ಎಂಜಲು, ಮುಟ್ಟಬೇಡ' ಎಂದು ಹತ್ತು ಸಂದರ್ಭಗಳಲ್ಲಿ ಒಂದೇ ಪದವನ್ನಾಡುವುದರಿಂದಲೇ, ಆ ಹತ್ತರಲ್ಲಿ ಒಂದು ಹೋಲಿಕೆಯಿರಬೇಕೆಂಬ ಹುಡುಕಾಟ ಮಗುವಿನಲ್ಲಿ ಮೊದಲಾಗುವುದು. ಪದವು ಶಿಶುವಿಗೆ ಜಾತಿಯನ್ನು ಕಟ್ಟಲು ಕೊಟ್ಟ ಆಮಂತ್ರಣವೆಂದು ವ್ಯಾಕ್ಸ್‌ಮನ್ ಮತ್ತು ಮಾರ್ಕೋ 1995ರಲ್ಲಿ ಹೇಳಿದ್ದಾರೆ. ಅವರು ಆಟಿಕೆಗಳನ್ನು ಕುರಿತು ಹೇಳಿದ ಮಾತು ಎಂಜಲಿನಲ್ಲಿ ಇನ್ನೂ ಚೆನ್ನಾಗಿ ಸಲ್ಲುವುದು. ಉಣ್ಣುವುದು, ತಿನ್ನುವುದು ಇವುಗಳ ಭೇದವೂ ಇಂಥದೇ. ಬಾಯಿಯೂ ಅದೇ, ಅಗಿಯುವುದೂ ಅದೇ; ಆದರೂ ರೊಟ್ಟಿಪಲ್ಲೆಯ ಊಟವನ್ನು ಉಣ್ಣುವೆವು, ಸೇಂಗಾಬೀಜವನ್ನು ತಿನ್ನುವೆವು. ನಮ್ಮ ಕಡೆಯ ಮಗುವಿಗೆ ತಂದೆಯ ತಮ್ಮನು ಕಾಕಾ, ತಾಯಿಯ ಅಣ್ಣತಮ್ಮಂದಿರು ಮಾಮಾ. ಇಬ್ಬರ ಮುಖವನ್ನು ನೋಡಿ ಈ ಭೇದವನ್ನು ಯಾವ ಶಿಶುವೂ ಕಾಣದು. ಬಿಗಿ ಸಡಿಲಗಳಲ್ಲಿ ಅರ್ಥವು ಮುಂದು, ಪದವು ಹಿಂದು. ಎಂಜಲು, ಕಾಕಾ ಎಂಬಲ್ಲಿ ಪದವು ಮುಂದು, ಅರ್ಥವು ಹಿಂದು. ಒಂದು ಸೂತ್ರದಿಂದ ಎರಡನ್ನೂ ಅಳೆಯಹೊರಟುದೇ ಪೂರ್ವಾಚಾರ್ಯರ ವಾದ ಮುಗಿಯದೆ ಉಳಿದುದಕ್ಕೆ ಕಾರಣ.

ಇನ್ನು ವೃದ್ಧವ್ಯವಹಾರದ ವಿಚಾರ. ಶಕ್ತಿಗ್ರಹಕ್ಕೆ ವ್ಯಾಕರಣ, ಉಪಮಾನ, ಕೋಶ, ಆಪ್ತವಾಕ್ಯ, ವ್ಯವಹಾರ, ವಾಕ್ಯಶೇಷ, ವಿವೃತಿ, ಸಿದ್ಧಪದಸಾನ್ನಿಧ್ಯ ಎಂಬ ಎಂಟು ಉಪಾಯಗಳನ್ನು ಮುಕ್ತಾವಲಿಯಲ್ಲಿ ಓದಿದ್ದೇವೆ. ವ್ಯವಹಾರವೊಂದನ್ನು ಬಿಟ್ಟರೆ ಉಳಿದ ಏಳೂ ಈಗಾಗಲೇ ಮಾತು ಬಲ್ಲವನಿಗೆ ಹೇಳಿದುವು; ಕೋಶವನ್ನು ತೆರೆಯುವ ಶಿಶುವುಂಟೆ? ಆದಕಾರಣ ಭಾರವೆಲ್ಲವೂ ವ್ಯವಹಾರದ ಮೇಲೆ ಬೀಳುವುದು. ಕುಮಾರಿಲನು ಇಲ್ಲಿ ಮೂರು ಪ್ರಮಾಣಗಳನ್ನು ಜೋಡಿಸಿದ್ದಾನೆ. ಮಮ್ಮಟನೂ ಅದನ್ನೇ ಎತ್ತಿಕೊಂಡಿದ್ದಾನೆ. ಶಬ್ದವನ್ನೂ ವೃದ್ಧರನ್ನೂ ವಸ್ತುವನ್ನೂ ಬಾಲಕನು ಪ್ರತ್ಯಕ್ಷದಿಂದ ಕಾಣುವನು. ಕೇಳಿದವನಿಗೆ ಅರ್ಥವಾಯಿತೆಂಬುದನ್ನು ಅವನ ಚೇಷ್ಟೆಯಿಂದ ಅನುಮಾನಿಸುವನು. ಶಬ್ದಾರ್ಥಗಳಿಗೆ ಸಂಬಂಧವಿಲ್ಲದಿದ್ದರೆ ಇದು ಹೊಂದದೆಂದು ಅರ್ಥಾಪತ್ತಿಯಿಂದ ಸಂಬಂಧವನ್ನು ತಿಳಿಯುವನು. ಇದರಲ್ಲಿ ಎರಡನೆಯದು ಬಹಳ ಬೆಲೆಯುಳ್ಳ ಮಾತು. ಮಗುವು ಶಬ್ದವನ್ನು ವಸ್ತುವಿಗೆ ನೇರವಾಗಿ ಅಂಟಿಸುವುದಿಲ್ಲ. ನಡುವೆ ಇನ್ನೊಬ್ಬನ ಮನಸ್ಸನ್ನು ಓದುವುದು. ಡೇರ್ ಬಾಲ್ಡ್ವಿನ್ ಎಂಬವರು 1991ರಲ್ಲಿ ಇದನ್ನು ಪರೀಕ್ಷಿಸಿದರು. ಒಂದೂವರೆ ವರ್ಷದ ಮಗು ಒಂದು ಆಟಿಕೆಯನ್ನು ನೋಡುತ್ತಿರುವಾಗ, ಹಿರಿಯರು ಬೇರೊಂದನ್ನು ನೋಡುತ್ತ ಹೊಸ ಹೆಸರೊಂದನ್ನು ನುಡಿದರು. ಮಗು ತಲೆಯೆತ್ತಿ ನುಡಿದವರ ಕಣ್ಣು ಎತ್ತ ಇದೆಯೆಂದು ನೋಡಿತು. ತನ್ನ ಕೈಯಲ್ಲಿದ್ದುದಕ್ಕೆ ಆ ಹೆಸರನ್ನು ಕೊಡಲಿಲ್ಲ. ಹದಿಮೂರು ಶತಮಾನಗಳ ಹಿಂದಿನ ಅನುಮಾನಕ್ಕೆ ಇಷ್ಟು ಸಮೀಪದ ಸಾಕ್ಷ್ಯ ದೊರೆತುದು ಸಾಮಾನ್ಯವಲ್ಲ.

ಆದರೆ ಬಾಲಕನನ್ನು ಬರಿಯ ಪಾರ್ಶ್ವಸ್ಥನನ್ನಾಗಿ ನಿಲ್ಲಿಸಿದುದು ಮೀಮಾಂಸಕರ ನ್ಯೂನತೆ. ಪದಗಳೆಲ್ಲ ಕಾರ್ಯವನ್ನೇ ಬೋಧಿಸುವುವೆಂದು ಸಾಧಿಸುವುದು ಪ್ರಾಭಾಕರರಿಗೆ ಬೇಕಾಗಿತ್ತು. ಆದುದರಿಂದಲೇ ಅವರ ಮಗುವಿಗೆ ಆಜ್ಞೆಯ ಹೊರತು ಬೇರೆ ಮಾತು ಕೇಳಿಸುವುದಿಲ್ಲ. ಇದನ್ನು ರಾಮಾನುಜರು ಶ್ರೀಭಾಷ್ಯದಲ್ಲಿ ಖಂಡಿಸಿದ್ದಾರೆ. ತಾಯಿತಂದೆಗಳು ಅಮ್ಮ, ಅಪ್ಪ, ಮಾವ, ಚಂದ್ರ, ಪಶು, ಪಕ್ಷಿ, ಹಾವು ಎಂದು ಬೆರಳಿನಿಂದ ತೋರಿಸಿ ತೋರಿಸಿ ಹೇಳುವರು; ಮೆಲ್ಲಮೆಲ್ಲನೆ ಶಿಶುವಿಗೆ ಆ ಪದಗಳನ್ನು ಕೇಳಿದೊಡನೆ ಆ ವಸ್ತುಗಳಲ್ಲಿ ಬುದ್ಧಿಯುಂಟಾಗುವುದು ಎಂಬುದು ಅವರ ಅಭಿಪ್ರಾಯ. ಮಕ್ಕಳಿರುವ ಮನೆಯನ್ನು ಕಂಡವರ ಮಾತಿದು. ಎಲಿಕಾ ಬರ್ಗೆಲ್ಸನ್ ಮತ್ತು ಡೇನಿಯಲ್ ಸ್ವಿಂಗ್ಲಿ 2012ರಲ್ಲಿ ತೋರಿಸಿದಂತೆ ಆರರಿಂದ ಒಂಬತ್ತು ತಿಂಗಳ ಶಿಶುಗಳಿಗೆ ತಿನಿಸುಗಳ, ಅವಯವಗಳ ಕೆಲವು ಹೆಸರುಗಳು ತಿಳಿದಿರುತ್ತವೆ. ಆ ವಯಸ್ಸಿನ ಶಿಶುವು ಇಬ್ಬರು ವೃದ್ಧರ ನಡುವಣ ಆಜ್ಞೆಯನ್ನೂ ಅದರ ಪಾಲನೆಯನ್ನೂ ಹಿಂಬಾಲಿಸಿ ಅರ್ಥಾಪತ್ತಿಯನ್ನು ಹೂಡಿತೆಂದು ನಂಬುವುದು ಕಷ್ಟ.

ಬೆರಳು ತೋರಿಸುವುದರಲ್ಲಿಯೂ ದೋಷವಿದೆ. ಹಸುವಿನ ಕಡೆಗೆ ಚಾಚಿದ ಬೆರಳು ಹಸುವನ್ನು ತೋರಿಸಿತೋ, ಬಿಳುಪನ್ನೋ, ಕೊಂಬನ್ನೋ, ಮೇಯುವುದನ್ನೋ? ಅಮೇರಿಕದ ಕ್ವೈನ್ ಎಂಬ ತತ್ತ್ವಜ್ಞನು 1960ರಲ್ಲಿ ಮೊಲದ ಉದಾಹರಣೆಯಿಂದ ಈ ಆಕ್ಷೇಪವನ್ನು ಪ್ರಸಿದ್ಧಗೊಳಿಸಿದನು. ನಮ್ಮ ಶಾಸ್ತ್ರದಲ್ಲಿ ಇದಕ್ಕೆ ಪರಿಹಾರ ಆವಾಪೋದ್ವಾಪ. 'ಹಸುವನ್ನು ತಾ', 'ಹಸುವನ್ನು ಕಟ್ಟು', 'ಕುದುರೆಯನ್ನು ತಾ' ಎಂದು ಒಂದು ಪದವನ್ನು ಹಾಕಿ ಇನ್ನೊಂದನ್ನು ತೆಗೆದಾಗ ಯಾವುದು ಉಳಿಯಿತು, ಯಾವುದು ಹೋಯಿತು ಎಂಬುದನ್ನು ನೋಡಿ ಪದವಿಭಾಗವನ್ನು ತಿಳಿಯುವುದು. ಲಿಂಡಾ ಸ್ಮಿತ್ ಮತ್ತು ಚೆನ್ ಯು 2008ರಲ್ಲಿ ಹನ್ನೆರಡು ಹದಿನಾಲ್ಕು ತಿಂಗಳ ಶಿಶುಗಳಿಗೆ ಒಮ್ಮೆಗೆ ಎರಡು ವಸ್ತು ಎರಡು ಹೆಸರುಗಳನ್ನು ಒಟ್ಟೊಟ್ಟಿಗೆ ಕೊಟ್ಟರು. ಯಾವುದಕ್ಕೆ ಯಾವುದೆಂದು ತೋರಿಸಲಿಲ್ಲ. ಹಲವು ಸರತಿಗಳ ಅನ್ವಯವ್ಯತಿರೇಕದಿಂದ ಶಿಶುಗಳೇ ಅದನ್ನು ಬಿಡಿಸಿಕೊಂಡುವು. ಆವಾಪೋದ್ವಾಪವು ಪಂಡಿತರ ಕಟ್ಟುಕತೆಯೆಂಬವರು ಇದನ್ನು ಗಮನಿಸಬೇಕು. ಆದರೆ ಅದರಿಂದ ಜಾತಿಯ ಮೇರೆ ಒಮ್ಮೆಗೇ ತಿಳಿಯುವುದೆಂದೆಣಿಸಬಾರದು. ಎಮ್ಮೆ, ಆಡು, ನಾಯಿ ಎಲ್ಲವನ್ನೂ 'ಅಂಬಾ' ಎನ್ನುವ ಮಗುವನ್ನು ನೋಡದವರಾರು? ತಾರ್ಕಿಕರ ಅತಿವ್ಯಾಪ್ತಿದೋಷವನ್ನು ಮಕ್ಕಳು ಪ್ರತಿದಿನವೂ ಮಾಡುತ್ತವೆ. ಆದರೂ 'ಅಂಬಾ ಎಲ್ಲಿ?' ಎಂದು ಕೇಳಿದರೆ ಅನೇಕ ಸಲ ಹಸುವಿನ ಕಡೆಗೇ ಕೈ ಹೋಗುವುದು. ಎಂದರೆ ಮನಸ್ಸಿನ ಜಾತಿಗಿಂತ ಬಾಯಿಯ ಪದ ವಿಶಾಲವಾಗಿದೆ. ಬೇರೆ ಹೆಸರು ದೊರೆಯದ ಕೊರತೆಯನ್ನು ನಾವು ಬುದ್ಧಿಯ ದೋಷವೆಂದು ಭಾವಿಸುತ್ತೇವೆ.

ಶಾಸ್ತ್ರದ ಬಾಲಕನಿಗೆ ಇನ್ನೊಂದು ಸೌಕರ್ಯವಿತ್ತು: ಅವನ ವೃದ್ಧರಿಬ್ಬರೂ ಒಂದೇ ಭಾಷೆಯವರು. ನಮ್ಮ ಮುದಗಲ್ಲಿನ ಮಗುವಿಗೆ ಅದಿಲ್ಲ. ಬಹಮನಿ, ವಿಜಯನಗರ, ಆದಿಲಶಾಹಿಗಳ ನಡುವೆ ಕೈಯಿಂದ ಕೈಗೆ ಹೋಗಿ, ಆಮೇಲೆ ಹೈದರಾಬಾದಿನ ಆಳಿಕೆಗೆ ಸೇರಿ, 1956ರಲ್ಲಿ ಮೈಸೂರು ರಾಜ್ಯಕ್ಕೆ ಬಂದ ಈ ಕೋಟೆಯೂರಿನ ಓಣಿಯಲ್ಲಿ ಒಂದೇ ಕೊಡದಲ್ಲಿರುವುದು ಒಬ್ಬರಿಗೆ ನೀರು, ಒಬ್ಬರಿಗೆ ಪಾನಿ, ಒಬ್ಬರಿಗೆ ನೀಳ್ಳು. ಒಂದು ವಸ್ತುವಿಗೆ ಒಂದೇ ಹೆಸರು, ಆದಕಾರಣ ಹೊಸ ಹೆಸರು ಹೊಸ ವಸ್ತುವಿನದೇ ಎಂದು ಶಿಶುಗಳು ಊಹಿಸುವುವೆಂದು ಬಹುಕಾಲ ಹೇಳುತ್ತಿದ್ದರು. ಕ್ರಿಸ್ಟಾ ಬೈಯರ್ಸ್-ಹೈನ್‌ಲೈನ್ ಮತ್ತು ಜ್ಯಾನೆಟ್ ವರ್ಕರ್ 2009ರಲ್ಲಿ ಹದಿನೇಳು ಹದಿನೆಂಟು ತಿಂಗಳ ಮಕ್ಕಳನ್ನು ನೋಡಿದಾಗ, ಏಕಭಾಷೆಯ ಮನೆಯ ಮಕ್ಕಳಲ್ಲಿ ಈ ಊಹೆ ಸ್ಫುಟವಾಗಿತ್ತು, ಎರಡು ಭಾಷೆಯವರಲ್ಲಿ ಕ್ಷೀಣವಾಗಿತ್ತು, ಮೂರು ಭಾಷೆಯವರಲ್ಲಿ ಕಾಣಲೇ ಇಲ್ಲ. ಆದುದರಿಂದ ಅದು ಹುಟ್ಟಿನಿಂದ ಬಂದ ಕಟ್ಟಳೆಯಲ್ಲ, ಮನೆಯ ಮಾತಿನಿಂದ ಬಂದ ಅಭ್ಯಾಸವೆಂದು ತೋರುವುದು. ಪದ ಹಲವಾದರೂ ಅರ್ಥವೊಂದೆಂಬ ಅರಿವು ನಮ್ಮ ಕಡೆಯ ಮಕ್ಕಳಿಗೆ ಅಂಗಳದಲ್ಲಿಯೇ ಆಗುವುದು. ಪಿಕ, ನೇಮ, ತಾಮರಸ ಮೊದಲಾದ ಪದಗಳಿಗೆ ಮ್ಲೇಚ್ಛರ ರೂಢಿಯ ಅರ್ಥವನ್ನೇ ಗ್ರಹಿಸಬೇಕೆಂದು ತೀರ್ಮಾನಿಸಿದ ಮೀಮಾಂಸಕರು, ಆ ರೂಢಿಯನ್ನು ಪಕ್ಕದ ಮನೆಯಲ್ಲಿಯೇ ಕೇಳಿ ಬೆಳೆಯುವ ಮಗುವನ್ನು ನೆನೆಯದೆ ಹೋದರು. ಪ್ರಸಂಗವಶಾತ್ ಒಂದು ಮಾತು: ಸಿದ್ಧಪದಸಾನ್ನಿಧ್ಯವನ್ನು ವಿದ್ಯಾರ್ಥಿಗಳಿಗೆ ತಿಳಿಸಲು ಕೋಗಿಲೆಯ ಹಳೆಯ ಉದಾಹರಣೆಗಿಂತ, 1915ರಲ್ಲಿ ನಮ್ಮ ನೆರೆಯ ಮಸ್ಕಿಯಲ್ಲಿ ದೊರೆತ ಶಾಸನವು ಮೇಲೆಂದು ನನಗೆ ತೋರುವುದು. ಅಲ್ಲಿ 'ದೇವಾನಾಂಪ್ರಿಯ' ಎಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದರಿಂದಲ್ಲವೆ ಬಿರುದು ಯಾರದೆಂಬುದು ಶಾಸನದಿಂದಲೇ ಸ್ಥಿರವಾದುದು!

ಕನ್ನಡದ ಮಕ್ಕಳನ್ನೇ ಕುರಿತ ಪರೀಕ್ಷೆಯೊಂದನ್ನು ಕಡೆಗೆ ವಿಚಾರಿಸಬೇಕು. ಜೆಫ್ರಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್, ಲೀಲಾ ಗ್ಲೈಟ್‌ಮನ್ ಇವರು 2003ರಲ್ಲಿ ಪ್ರಕಟಿಸಿದುದಿದು. ಒಬ್ಬನು ಮತ್ತೊಬ್ಬನಿಂದ ಮಾಡಿಸುವುದಕ್ಕೆ ಕನ್ನಡದಲ್ಲಿ 'ಇಸು' ಪ್ರತ್ಯಯವುಂಟು: ಕುಣಿ, ಕುಣಿಸು. ಇದಲ್ಲದೆ ವಾಕ್ಯದಲ್ಲಿ ಕರ್ತೃಕರ್ಮಗಳೆರಡೂ ಇರುವುದು ಇನ್ನೊಂದು ಗುರುತು. ಕನ್ನಡದಲ್ಲಿ ನಾಮಪದಗಳನ್ನು ಧಾರಾಳವಾಗಿ ಬಿಡುವುದರಿಂದ ಪ್ರತ್ಯಯವೇ ಹೆಚ್ಚು ನಂಬತಕ್ಕ ಗುರುತು. ಮೂರು ವರ್ಷದ ಮಕ್ಕಳಿಗೆ ವಾಕ್ಯವನ್ನು ಹೇಳಿ ಆಟದ ಪ್ರಾಣಿಗಳಿಂದ ಅದನ್ನು ಆಡಿ ತೋರಿಸಲು ಕೇಳಿದರು. ನಾನೇ ಉದಾಹರಿಸುವುದಾದರೆ, 'ಆನೆ ಕುದುರೆಯನ್ನು ಕುಣಿಯುತ್ತದೆ' ಎಂಬಂಥ ಅಶುದ್ಧ ವಾಕ್ಯದಲ್ಲಿಯೂ ಮಕ್ಕಳು ಆನೆಯಿಂದ ಕುದುರೆಯನ್ನು ಕುಣಿಸಿದರು. 'ಕುದುರೆ ಕುಣಿಸುತ್ತದೆ' ಎಂಬಂಥಲ್ಲಿ 'ಇಸು'ವನ್ನು ಲಕ್ಷಿಸಲಿಲ್ಲ. ನಾಮಪದಗಳ ಎಣಿಕೆಯನ್ನೇ ಅವರು ನಂಬಿದರು. ಈ ನಂಬಿಕೆ ಕೇಳಿದ ಮಾತಿನಿಂದ ಬಂದುದಲ್ಲ, ಮಾನವಬುದ್ಧಿಯೊಡನೆ ಬಂದುದು ಎಂದು ಗ್ರಂಥಕರ್ತರ ನಿರ್ಣಯ.

ಪರೀಕ್ಷೆಯ ಫಲವನ್ನು ಒಪ್ಪುತ್ತೇನೆ. ನಿರ್ಣಯವನ್ನು ಪೂರ್ತಿಯಾಗಿ ಒಪ್ಪಲಾರೆ. ಎರಡು ಸಂಗತಿಗಳನ್ನು ಅದರಲ್ಲಿ ತೂಗಿದಂತೆ ತೋರುವುದಿಲ್ಲ. ಮೊದಲನೆಯದು, ನಮ್ಮ ಭಾಷೆಯಲ್ಲಿ ಒಡೆ, ಮುರಿ ಮೊದಲಾದ ಧಾತುಗಳು ಪ್ರತ್ಯಯದ ಹಂಗಿಲ್ಲದೆ ಎರಡು ಅರ್ಥದಲ್ಲಿಯೂ ನಡೆಯುವುವು. ಗಡಿಗೆ ಒಡೆಯಿತು, ಹುಡುಗ ಗಡಿಗೆಯನ್ನು ಒಡೆದ. ಕೋಲು ಮುರಿಯಿತು, ಹುಡುಗ ಕೋಲನ್ನು ಮುರಿದ. ಮಕ್ಕಳಿರುವ ಮನೆಯಲ್ಲಿ ಒಡೆಯುವುದು ಮುರಿಯುವುದು ಎಷ್ಟು ಸಲ ನಡೆಯುವುದೆಂದು ಹೇಳಬೇಕಾಗಿಲ್ಲ! ಇಲ್ಲಿ ಭೇದವನ್ನು ತಿಳಿಯಲು ನಾಮಪದಗಳ ಎಣಿಕೆಯೇ ಮುಖ್ಯಸಾಧನ. ಹಾಗಿರುವಲ್ಲಿ ಎಣಿಕೆಯ ನಂಬಿಕೆಯನ್ನು ಮಗು ಕನ್ನಡದಿಂದಲೇ ಕಲಿತಿರಬಾರದೇಕೆ? ಎರಡನೆಯದು, ಗ್ರಂಥದ 'ಇಸು' ಬೇರೆ, ಮನೆಯ 'ಇಸು' ಬೇರೆ. ನಮ್ಮ ಸೀಮೆಯಲ್ಲಿ ತಾಯಿ 'ಉಣಸು', 'ಕುಂದ್ರಸು' ಎನ್ನುವಳು. ಇಕಾರವು ಸವೆದು, ಪ್ರತ್ಯಯವು ಧಾತುವಿನ ಬಾಲದಲ್ಲಿ ಒಂದು ಉಸಿರಿನಷ್ಟು ಉಳಿದಿದೆ. ಕಿವಿಗೆ ಕ್ಷೀಣವಾದುದನ್ನು ಮಗು ತಡವಾಗಿ ಹಿಡಿದರೆ ಆಶ್ಚರ್ಯವೇನು? 'ಸ್ಮರಿಸು', 'ಗಮನಿಸು' ಮೊದಲಾದ ಸಂಸ್ಕೃತಜನ್ಯ ಧಾತುಗಳಲ್ಲಿ 'ಇಸು'ವಿಗೆ ಪ್ರೇರಣಾರ್ಥವೇ ಇಲ್ಲವೆಂಬ ಆಕ್ಷೇಪವನ್ನು ಕೆಲವರು ತರಬಹುದು. ಅವು ತೊಟ್ಟಿಲ ಬಳಿಯ ಮಾತುಗಳಲ್ಲವಾದುದರಿಂದ ನಾನು ಅದನ್ನು ತರುವುದಿಲ್ಲ.

ಮಾಡಿಸುವಿಕೆಯ ಅರ್ಥವು ಮಗುವಿಗೆ ಪ್ರತ್ಯಯಕ್ಕಿಂತ ಬಹು ಮೊದಲೇ ಉಂಟೆಂಬುದು ನಿಸ್ಸಂಶಯ. ಒಂದು ವಸ್ತುವು ಮತ್ತೊಂದನ್ನು ತಾಗಿ ಸರಿಯುವಂತೆ ಮಾಡಿದ ದೃಶ್ಯದಲ್ಲಿ ಆರು ತಿಂಗಳ ಶಿಶುವೂ ಕಾರ್ಯಕಾರಣಭಾವವನ್ನು ಕಾಣುವುದೆಂದು ಲೆಸ್ಲಿ ಮತ್ತು ಕೀಬಲ್ 1987ರಲ್ಲಿಯೇ ತೋರಿಸಿದ್ದಾರೆ. ಆರು ತಿಂಗಳಿಗೆ ಅರ್ಥ. ಮೂರು ವರ್ಷಕ್ಕೂ ಪ್ರತ್ಯಯದಲ್ಲಿ ಭರವಸೆಯಿಲ್ಲ. ಈ ಎರಡು ಗಡುವುಗಳ ನಡುವೆ ಕನ್ನಡದ ಮಗು ಏನೇನನ್ನು ಕೇಳಿತು, ಏನನ್ನು ಆಡಿತು ಎಂಬುದನ್ನು ಮನೆಮನೆಗಳಲ್ಲಿ ಬರೆದಿಡಬೇಕಾಗಿದೆ. ಅದಕ್ಕೆ ಯಂತ್ರಶಾಲೆ ಬೇಡ. ಮುದಗಲ್ಲು, ಲಿಂಗಸುಗೂರು, ಸಿಂಧನೂರುಗಳಲ್ಲಿರುವ ಅಧ್ಯಾಪಕರು ತಮ್ಮ ಮನೆಯ ಮಗು 'ಒಡೆ', 'ಮುರಿ'ಗಳನ್ನು ಯಾವ ತಿಂಗಳಲ್ಲಿ ಒಂದು ನಾಮಪದದೊಡನೆ, ಯಾವ ತಿಂಗಳಲ್ಲಿ ಎರಡರೊಡನೆ ಆಡಿತು, 'ಉಣಸು' ಎಂಬುದನ್ನು 'ಉಣ್ಣು' ಎಂಬುದರಿಂದ ಬೇರ್ಪಡಿಸಿ ಎಂದು ಆಡಿತು ಎಂಬುದನ್ನು ತಾರೀಖು ಸಹಿತ, ಮಗು ನುಡಿದ ರೂಪದಲ್ಲಿಯೇ, ತಿದ್ದದೆ ಬರೆದಿಟ್ಟರೆ ಸಾಕು.